ರಂಗಪಂಚಮಿಗೆ ಮನೆಯಲ್ಲೇ ಮಾಡುವ ಬಣ್ಣ: ಮುತ್ತುಗ, ಅರಿಶಿನ, ಬೀಟ್‌ರೂಟ್‌ಗಳಲ್ಲಿ ನಾನು ಎಲ್ಲಿ ತಪ್ಪಿದೆ?

ಪ್ರಶ್ನೆ: ವಿದ್ಯಾನಗರ, ಹುಬ್ಬಳ್ಳಿ

ಎಲ್ಲರಿಗೂ ನಮಸ್ಕಾರ. ನಮ್ಮ ಓಣಿಯಲ್ಲಿ ಹನ್ನೆರಡು ವರ್ಷದೊಳಗಿನ ಹದಿನಾಲ್ಕು ಮಕ್ಕಳಿದ್ದಾರೆ. ಹೋಳಿ ಹುಣ್ಣಿಮೆ ಬಂತೆಂದರೆ ರಂಗಪಂಚಮಿಯವರೆಗೆ ನಮ್ಮ ಊರಿನಲ್ಲಿ ಹಲಗಿಯ ಸದ್ದು ನಿಲ್ಲುವುದಿಲ್ಲ, ಮಕ್ಕಳನ್ನು ಮನೆಯೊಳಗೆ ಹಿಡಿದಿಡುವುದೂ ಆಗದ ಮಾತು. ಎರಡು ವರ್ಷದ ಹಿಂದೆ ಪೇಟೆಯಿಂದ ತಂದ ಹಸಿರು ಬಣ್ಣ ನನ್ನ ಮಗಳ ಕುತ್ತಿಗೆಯ ಮೇಲೆ ಬಿದ್ದು, ಆ ಜಾಗವೆಲ್ಲ ಕೆಂಪಾಗಿ ಬೊಕ್ಕೆಗಳೆದ್ದು, ಹದಿನೈದು ದಿನ ಅವಳಿಗೆ ಶಾಲೆಯ ಸಮವಸ್ತ್ರದ ಕಾಲರನ್ನು ಮೈಗೆ ತಾಗಿಸಿಕೊಳ್ಳಲಾಗಲಿಲ್ಲ. ಅಂದಿನಿಂದ ಓಣಿಯ ಮಕ್ಕಳಿಗೆ ಬಣ್ಣವನ್ನು ನಾನೇ ಗಿಡಮೂಲದಿಂದ ಮಾಡಿಕೊಡಬೇಕೆಂದು ನಿಶ್ಚಯಿಸಿದ್ದೇನೆ.

ಕಳೆದ ವರ್ಷ ಮೂರು ಬಗೆಯಲ್ಲಿ ಪ್ರಯತ್ನಿಸಿದೆ. ಬೀಟ್‌ರೂಟನ್ನು ಬಿಲ್ಲೆಯಾಗಿ ಹೆಚ್ಚಿ ಮಾಳಿಗೆಯ ಮೇಲೆ ಬಿಸಿಲಿಗೆ ಒಣಗಿಸಿ ಮಿಕ್ಸರಿನಲ್ಲಿ ಪುಡಿ ಮಾಡಿದಾಗ ಅದು ಗುಲಾಬಿಯಾಗುವುದರ ಬದಲು ಹುರಿದ ಜೀರಿಗೆಯ ಬಣ್ಣಕ್ಕೆ ಬಂತು. ಉಳಿದ ಬೀಟ್‌ರೂಟಿನ ರಸವನ್ನು ಗೋವಿನಜೋಳದ ಹಿಟ್ಟಿಗೆ ಕಲಸಿಟ್ಟರೆ ಅದು ಗಂಟುಗಟ್ಟಿ, ಇರುವೆ ಮುತ್ತಿ, ನಾಲ್ಕನೆಯ ದಿನಕ್ಕೆ ಬೂಷ್ಟು ಹಿಡಿಯಿತು. ಅರಿಶಿನ ಮತ್ತು ಕಡಲೆಹಿಟ್ಟಿನ ಹಳದಿ ಚೆನ್ನಾಗಿಯೇ ಆಗಿತ್ತು, ಆದರೆ ಮಕ್ಕಳ ಬಿಳಿ ಅಂಗಿಗಳನ್ನು ಸಾಬೂನಿನಲ್ಲಿ ತೊಳೆಯುತ್ತಿದ್ದಂತೆ ಕಲೆಗಳೆಲ್ಲ ರಕ್ತದಂತೆ ಕೆಂಪಾದವು. ನೆರೆಮನೆಯ ತಾಯಂದಿರು ಅದರಲ್ಲಿ ಯಾವುದೋ ರಾಸಾಯನಿಕ ಬೆರೆಸಿದ್ದೇನೆಂದು ಭಾವಿಸಿದರು. ಮೂರನೆಯದಾಗಿ, ನನ್ನ ತಮ್ಮ ಅಳ್ನಾವರದ ಕಡೆಯಿಂದ ಒಂದು ಚೀಲ ಮುತ್ತುಗದ ಹೂವು ತಂದುಕೊಟ್ಟಿದ್ದ. ಅದನ್ನು ದೊಡ್ಡ ಕಬ್ಬಿಣದ ಬಾಣಲೆಯಲ್ಲಿ ಕುದಿಸಿದೆ. ಸಿಕ್ಕಿದ್ದು ಚಹಾಪುಡಿಯನ್ನು ಎರಡನೆಯ ಸಲ ಕುದಿಸಿದಂಥ ಮಬ್ಬು ನೀರು.

ಈ ವರ್ಷ ಇನ್ನೂ ಮೂರು ವಾರ ಸಮಯವಿದೆ. ಮುತ್ತುಗದಿಂದ ಆ ಹೊಳೆಯುವ ಕೇಸರಿಯನ್ನು ಪಡೆಯುವುದು ಹೇಗೆ, ಬೀಟ್‌ರೂಟಿನಲ್ಲಿ ನಾನು ಮಾಡಿದ ತಪ್ಪೇನು, ಮತ್ತು ಸುರಕ್ಷಿತವಾದ ಒಂದು ಕೆಂಪು ಬಣ್ಣ ನಮ್ಮ ಸುತ್ತಲಿನ ಗಿಡಗಳಿಂದ ಸಾಧ್ಯವೇ ಎಂಬುದನ್ನು ಮಾಡಿ ನೋಡಿದವರು ದಯವಿಟ್ಟು ವಿವರವಾಗಿ ತಿಳಿಸಬೇಕೆಂದು ಕೋರುತ್ತೇನೆ.

ಉತ್ತರ: ಕಲಘಟಗಿ ತಾಲ್ಲೂಕಿನ ಕೃಷಿಕ

ಅಕ್ಕನವರೇ, ಮೂರರಲ್ಲಿ ಮುತ್ತುಗವೇ ಎಲ್ಲಕ್ಕಿಂತ ಸುಲಭ, ಮತ್ತು ನನ್ನ ಮಟ್ಟಿಗೆ ಹೋಳಿಯ ಬಣ್ಣವೆಂದರೆ ಅದೇ. ನಮ್ಮ ಹೊಲದ ಬದುವಿನಲ್ಲಿ ಏಳು ಮರಗಳಿವೆ. ಮಾಘ ಮುಗಿಯುವ ಹೊತ್ತಿಗೆ ಎಲೆಯೆಲ್ಲ ಉದುರಿ ಬೋಳಾದ ಟೊಂಗೆಗಳ ತುಂಬ ಹೂವು ಬಿಟ್ಟಾಗ ದೂರದಿಂದ ನೋಡಿದವರಿಗೆ ಮರಕ್ಕೆ ಬೆಂಕಿ ಹತ್ತಿದಂತೆ ಕಾಣುತ್ತದೆ. ನಮ್ಮ ಅಜ್ಜಿ ಈ ಹೂವನ್ನು ಹಿತ್ತಾಳೆಯ ಹಂಡೆಯಲ್ಲಿ ಕುದಿಸಿ ರಾತ್ರಿಯೆಲ್ಲ ಹಾಗೆಯೇ ಬಿಟ್ಟು, ಬೆಳಗ್ಗೆ ಸೋಸಿದ ಓಕುಳಿಯನ್ನು ಮೊದಲು ದೇವರ ಜಗಲಿಯ ಮುಂದೆ ಚಿಮುಕಿಸಿ ಆಮೇಲೆ ನಮಗೆ ಕೊಡುತ್ತಿದ್ದರು.

ಮೊದಲು ಹೂವು ಅದೇ ಹೌದೋ ಎಂದು ಖಚಿತಪಡಿಸಿಕೊಳ್ಳಿ, ಏಕೆಂದರೆ ಇದೇ ಕಾಲದಲ್ಲಿ ಹಾಲವಾಣ ಮತ್ತು ಬೂರುಗದ ಮರಗಳೂ ಎಲೆ ಕಳೆದುಕೊಂಡು ಕೆಂಪು ಹೂವು ಬಿಡುತ್ತವೆ. ಮುತ್ತುಗದ ಹೂವು ಗಿಣಿಯ ಕೊಕ್ಕಿನಂತೆ ಬಾಗಿರುತ್ತದೆ. ಅದರ ಬುಡದಲ್ಲಿ ಕಪ್ಪುಗಂದು ಬಣ್ಣದ ಪುಟ್ಟ ಬಟ್ಟಲಿರುತ್ತದೆ, ಅದನ್ನು ಬೆರಳಿನಿಂದ ಸವರಿದರೆ ಮಖಮಲ್ಲಿನಂತೆ ಮೆತ್ತಗಿರುತ್ತದೆ. ಬೂರುಗದ ಹೂವು ಅಂಗೈಯಗಲ, ಎಸಳು ದಪ್ಪ. ಹಾಲವಾಣದ ಕೊಂಬೆಯಲ್ಲಿ ಮುಳ್ಳುಗಳಿರುತ್ತವೆ. ಅನುಮಾನವಿದ್ದರೆ ಮರದ ಕೆಳಗೆ ಬಿದ್ದಿರುವ ಹಳೆಯ ಎಲೆಗಳನ್ನು ನೋಡಿರಿ. ಪತ್ರಾವಳಿ ಹಚ್ಚಿ ಗೊತ್ತಿರುವವರು ಒಂದೇ ನೋಟಕ್ಕೆ ಗುರುತಿಸುತ್ತಾರೆ.

ಹೂವನ್ನು ಮರದಿಂದ ಬಡಿದು ಉದುರಿಸಬೇಡಿ. ಸಂಜೆ ಮರದ ಕೆಳಗೆ ಒಂದು ಹಳೆಯ ಸೀರೆ ಹಾಸಿಟ್ಟು ಬಂದರೆ ಬೆಳಗಾಗುವಷ್ಟರಲ್ಲಿ ಬೇಕಾದಷ್ಟು ಬಿದ್ದಿರುತ್ತದೆ. ಮರದ ಮೇಲಿನ ಹೂವಿನಲ್ಲಿ ಗೊರವಂಕ, ಗಿಳಿ, ಸೂರಕ್ಕಿಗಳಿಗೆ ಮಕರಂದವಿರುತ್ತದೆ. ನೆಲಕ್ಕೆ ಬಿದ್ದ ಹೂವಿನ ಬಣ್ಣವೂ ಅಷ್ಟೇ ಚೆನ್ನಾಗಿ ಬರುತ್ತದೆ. ಗದಗಿನ ಕಪ್ಪತಗುಡ್ಡದಂಥ ರಕ್ಷಿತ ಪ್ರದೇಶದೊಳಗೆ ಹೋಗಿ ತರುವ ಅಗತ್ಯವೇ ಇಲ್ಲ. ಹೊಲದ ಬದುಗಳಲ್ಲಿರುವ ಮರಗಳೇ ಸಾಕು, ಮಾಲೀಕರನ್ನು ಒಂದು ಮಾತು ಕೇಳಿದರೆ ಯಾರೂ ಬೇಡವೆನ್ನುವುದಿಲ್ಲ.

ಈಗ ನಿಮ್ಮ ಮಬ್ಬು ನೀರಿನ ವಿಷಯ. ನನಗೆ ತಿಳಿದಂತೆ ನಿಮ್ಮಿಂದ ಎರಡು ತಪ್ಪಾಗಿವೆ. ಒಂದು, ಹೂವಿನ ಬುಡದ ಆ ಕಪ್ಪು ಬಟ್ಟಲನ್ನು ನೀವು ಬಿಡಿಸಿರಲಿಕ್ಕಿಲ್ಲ. ಅದರ ಒಗರು ನೀರಿಗೆ ಇಳಿದರೆ ಬಣ್ಣ ಕಂದಾಗುತ್ತದೆ. ಎರಡನೆಯದು ಕಬ್ಬಿಣದ ಬಾಣಲೆ. ಒಗರು ಮತ್ತು ಕಬ್ಬಿಣ ಸೇರಿದರೆ ಕಪ್ಪು ಹುಟ್ಟುತ್ತದೆ. ಸ್ಟೀಲಿನ ಅಥವಾ ಕಲಾಯಿ ಹಾಕಿದ ಹಿತ್ತಾಳೆಯ ಪಾತ್ರೆಯನ್ನೇ ಬಳಸಿರಿ. ಎಸಳುಗಳನ್ನು ಮಾತ್ರ ಬಿಡಿಸಿಕೊಂಡು, ಒಣಗಿದ ಎಸಳಾದರೆ 100 ಗ್ರಾಂಗೆ 2 ಲೀಟರ್ ನೀರಿನ ಲೆಕ್ಕದಲ್ಲಿ, ಹಸಿಯದಾದರೆ ಪಾತ್ರೆಯ ಮುಕ್ಕಾಲು ಭಾಗ ಹೂವು ತುಂಬಿ ಅದು ಮುಳುಗುವಷ್ಟು ನೀರು ಹಾಕಿ, ಸಣ್ಣ ಉರಿಯಲ್ಲಿ ಅರ್ಧ ತಾಸು ಇಡಿರಿ. ಕೊತಕೊತ ಕುದಿಸುವುದು ಬೇಡ. ಆಮೇಲೆ ಮುಚ್ಚಿ ರಾತ್ರಿಯೆಲ್ಲ ಬಿಟ್ಟು, ಬೆಳಗ್ಗೆ ತೆಳುವಾದ ಧೋತರದಲ್ಲಿ ಎರಡು ಸಲ ಸೋಸಿರಿ. ಸೋಸಿದಾಗ ನೀರು ಬರಿಯ ಹಳದಿಯಾಗಿ ಕಂಡರೆ ಹೆದರಬೇಡಿ. ಎಲೆ ಅಡಿಕೆಯ ಸುಣ್ಣವನ್ನು ಒಂದು ಕಡಲೆಕಾಳಿನಷ್ಟು ತೆಗೆದುಕೊಂಡು ನೀರಿನಲ್ಲಿ ಕದಡಿ ಹಾಕಿದರೆ ಕಣ್ಣೆದುರಿಗೇ ಕೇಸರಿ ಏರುತ್ತದೆ.

ಉಳಿದ ಎಸಳುಗಳನ್ನು ನೆರಳಿನಲ್ಲಿ ತೆಳುವಾಗಿ ಹರವಿ ನಾಲ್ಕೈದು ದಿನ ಒಣಗಿಸಿ, ಹತ್ತಿಯ ಚೀಲದಲ್ಲಿ ಕಟ್ಟಿ ತೂಗಿಹಾಕಿದರೆ ಮುಂದಿನ ವರ್ಷದವರೆಗೂ ಬಣ್ಣ ಕೊಡುತ್ತವೆ. ರಂಗಪಂಚಮಿ ತಡವಾಗಿ ಬಂದ ವರ್ಷ ಹೂವು ಮುಗಿದುಹೋಗಿರುತ್ತದೆ, ಆಗ ಈ ಚೀಲವೇ ಆಧಾರ.

ಉತ್ತರ: ಗದಗದಿಂದ, ನಿವೃತ್ತ ರಸಾಯನಶಾಸ್ತ್ರ ಶಿಕ್ಷಕ

ತಂಗೀ, ಮುತ್ತುಗದ ವಿಷಯವನ್ನು ಕಲಘಟಗಿಯವರು ಸಾಂಗವಾಗಿ ಹೇಳಿದ್ದಾರೆ. ನಿಮ್ಮ ಉಳಿದೆರಡು ಸೋಲುಗಳಿಗೆ ಕಾರಣ ತಿಳಿದುಕೊಂಡರೆ ಮುಂದೆ ಯಾವ ಗಿಡವನ್ನು ತಂದರೂ ನೀವೇ ದಾರಿ ಹುಡುಕಿಕೊಳ್ಳಬಹುದು. ಆದ್ದರಿಂದ ಸ್ವಲ್ಪ ವಿಸ್ತಾರವಾಗಿ ಬರೆಯುತ್ತೇನೆ.

ಅರಿಶಿನದಿಂದಲೇ ಆರಂಭಿಸೋಣ. ನಿಮ್ಮ ಮನೆಯಲ್ಲಿ ಮದುಮಕ್ಕಳಿಗೋ ತೊಟ್ಟಿಲ ಕೂಸಿಗೋ ಆರತಿ ಎತ್ತುವಾಗ ತಟ್ಟೆಯಲ್ಲಿ ಕೆಂಪು ನೀರು ಮಾಡುತ್ತೀರಲ್ಲವೇ? ಅರಿಶಿನದ ನೀರಿಗೆ ಚಿಟಿಕೆ ಸುಣ್ಣ ಬಿದ್ದಾಗ ಆಗುವ ಬದಲಾವಣೆಯೇ ನಿಮ್ಮ ನೆರೆಯವರ ಬಿಳಿ ಅಂಗಿಯ ಮೇಲೂ ಆದದ್ದು. ಅರಿಶಿನದ ಬಣ್ಣಕ್ಕೆ ಕಾರಣವಾದ ಕರ್ಕ್ಯುಮಿನ್ ಹುಳಿಯಲ್ಲಿಯೂ ಬರಿಯ ನೀರಿನಲ್ಲಿಯೂ ಹಳದಿಯಾಗಿರುತ್ತದೆ, ಕ್ಷಾರ ತಗುಲಿದರೆ ಕೆಂಪಾಗುತ್ತದೆ. ಸುಣ್ಣವೂ ಕ್ಷಾರ, ಬಟ್ಟೆ ಸಾಬೂನೂ ಕ್ಷಾರ. ಆ ತಾಯಂದಿರ ಮುಂದೆಯೇ ಕೆಂಪಾದ ಕಲೆಯ ಮೇಲೆ ನಿಂಬೆಹಣ್ಣು ಹಿಂಡಿ ತೋರಿಸಿರಿ. ಕಲೆ ಮತ್ತೆ ಹಳದಿಗೆ ಮರಳುತ್ತದೆ, ಅವರ ಅನುಮಾನವೂ ತೀರುತ್ತದೆ. ಕಲೆಯನ್ನು ಪೂರ್ತಿ ಹೋಗಲಾಡಿಸಬೇಕಾದರೆ ತೊಳೆದ ಬಟ್ಟೆಯನ್ನು ಒಂದೆರಡು ದಿನ ನಮ್ಮ ಫಾಲ್ಗುಣದ ಬಿಸಿಲಿಗೆ ಹರವಿದರೆ ಸಾಕು, ಏಕೆಂದರೆ ಕರ್ಕ್ಯುಮಿನ್ ಬೆಳಕಿಗೆ ನಿಲ್ಲುವುದಿಲ್ಲ. ಇದೇ ಕಾರಣಕ್ಕೆ ನೀವು ಮಾಡಿದ ಹಳದಿ ಪುಡಿಯನ್ನು ಗಾಜಿನ ಬಾಟಲಿಯಲ್ಲಿ ಕಿಟಕಿಯ ಬಳಿ ಇಡದೆ, ಮುಚ್ಚಳವಿರುವ ಸ್ಟೀಲಿನ ಡಬ್ಬಿಯಲ್ಲಿ ಇಡಬೇಕು.

ಅರಿಶಿನವನ್ನು ಮಾತ್ರ ಕೊಂಬು ತಂದು ಗಿರಣಿಯಲ್ಲಿ ಬೀಸಿಸಿರಿ. ಬಿಡಿಯಾಗಿ ಮಾರುವ ಪುಡಿಯಲ್ಲಿ ಮೆಟಾನಿಲ್ ಯೆಲ್ಲೊ ಎಂಬ ಕೃತಕ ಬಣ್ಣವನ್ನೋ ಸೀಸದ ಕ್ರೋಮೇಟನ್ನೋ ಬೆರೆಸುವ ದುಷ್ಟ ಪದ್ಧತಿಯಿದೆ. ಸೀಸ ಸೇರಿದ ಪುಡಿಯನ್ನು ಮಕ್ಕಳ ಮುಖಕ್ಕೆ ಹಚ್ಚುವುದಾದರೆ ನಾವು ಮನೆಯಲ್ಲಿ ಬಣ್ಣ ಮಾಡಿಯೂ ಪ್ರಯೋಜನವಿಲ್ಲ.

ಬೀಟ್‌ರೂಟಿನ ಬಣ್ಣದ ಹೆಸರು ಬೀಟಾನಿನ್. ಅದರ ಗುಣ ಅರಿಶಿನಕ್ಕೆ ವಿರುದ್ಧವಾದದ್ದು: ಹುಳಿಯಲ್ಲಿ ಸುಖವಾಗಿರುತ್ತದೆ, ಕ್ಷಾರದಲ್ಲಿ ಕೆಟ್ಟು ಹಳದಿಯಾಗುತ್ತದೆ; ಬಿಸಿ, ಬೆಳಕು, ಗಾಳಿ ಮೂರೂ ಅದಕ್ಕೆ ಆಗದು. ಮಾಳಿಗೆಯ ಬಿಸಿಲಿನಲ್ಲಿ ಈ ಮೂರನ್ನೂ ನೀವು ಒಟ್ಟಿಗೆ ಕೊಟ್ಟಿರಿ. ಇನ್ನು ಇರುವೆ, ಗಂಟು, ಬೂಷ್ಟು ಇವುಗಳಿಗೆ ಕಾರಣ ಬೀಟ್‌ರೂಟಿನೊಳಗಿನ ಸಕ್ಕರೆ. ಗಾಳಿಯ ಪಸೆಯನ್ನು ಎಳೆದುಕೊಂಡು ಪುಡಿ ಜಿಗುಟಾಗುತ್ತದೆ. ಆದ್ದರಿಂದ ಬೀಟ್‌ರೂಟಿನಿಂದ ಪುಡಿ ಮಾಡುವ ಹಟವನ್ನು ಬಿಟ್ಟುಬಿಡಿ. ಆಡುವ ದಿನ ಬೆಳಗ್ಗೆ ಎರಡು ಗಡ್ಡೆಗಳನ್ನು ತುರಿದು, ಒಂದು ನಿಂಬೆಹಣ್ಣು ಹಿಂಡಿದ ತಣ್ಣೀರಿನಲ್ಲಿ ಒಂದು ತಾಸು ನೆನೆಸಿ ಸೋಸಿದರೆ ಅರ್ಧ ಬಕೆಟ್ ಗುಲಾಬಿ ನೀರು ಸಿಗುತ್ತದೆ, ಅದನ್ನು ಅಂದೇ ಖರ್ಚು ಮಾಡಿರಿ.

ನೀರಿನ ಬಗ್ಗೆ ಒಂದು ಮಾತು, ಇದನ್ನು ಬಹಳ ಜನ ಗಮನಿಸುವುದಿಲ್ಲ. ನಮ್ಮ ಗದಗ ಸೀಮೆಯ ಕೊಳವೆಬಾವಿಯ ನೀರು ಗಡುಸು. ಅದನ್ನು ಕುದಿಸಿದಾಗ ಇಂಗಾಲಾಮ್ಲ ಹೊರಟುಹೋಗಿ ನೀರಿನ ಕ್ಷಾರಗುಣ ಇನ್ನಷ್ಟು ಏರುತ್ತದೆ. ಚಹಾದ ಪಾತ್ರೆಯ ತಳದಲ್ಲಿ ಬಿಳಿ ಪೊರೆ ಕಟ್ಟುವುದೂ ಇದರಿಂದಲೇ. ಇಂಥ ನೀರಿನಲ್ಲಿ ಮುತ್ತುಗದ ಬಣ್ಣ ತಾನಾಗಿಯೇ ಕೇಸರಿಯ ಕಡೆಗೆ ವಾಲುತ್ತದೆ, ಅದು ಒಳ್ಳೆಯದೇ. ಆದರೆ ದಾಸವಾಳದ ಕೆಂಪು ಹಸಿರು ಮಿಶ್ರಿತ ಬೂದಿಯಾಗುತ್ತದೆ, ಬೀಟ್‌ರೂಟ್ ಮಂಕಾಗುತ್ತದೆ. ನಿಮಗೆ ನಳದಲ್ಲಿ ಮಲಪ್ರಭೆಯ ನೀರು ಬರುತ್ತಿದ್ದರೆ ಅದನ್ನೇ ಬಳಸಿರಿ, ಇಲ್ಲವಾದರೆ ದಾಸವಾಳ, ಶಂಖಪುಷ್ಪ, ಬೀಟ್‌ರೂಟ್‌ಗಳಿಗೆ ಮರೆಯದೆ ಹುಳಿ ಹಿಂಡಿರಿ. ಶಂಖಪುಷ್ಪದ ನೀಲಿ ನೀರಿಗೆ ನಿಂಬೆ ಬಿದ್ದೊಡನೆ ಅದು ನೇರಳೆಯಾಗುವುದನ್ನು ನೋಡಲು ಮಕ್ಕಳನ್ನು ಸುತ್ತ ಕೂರಿಸಿಕೊಳ್ಳಿ. ನಾನು ಮೂವತ್ತು ವರ್ಷ ಲಿಟ್ಮಸ್ ಕಾಗದದಿಂದ ಕಲಿಸಿದ್ದನ್ನು ಆ ಒಂದು ಲೋಟ ಹೆಚ್ಚು ಚೆನ್ನಾಗಿ ಕಲಿಸುತ್ತದೆ.

ಇನ್ನು ಕೆಂಪು. ನಮ್ಮ ಎರೆಹೊಲಗಳಲ್ಲಿ ಈಗ ಕುಸುಬಿ ನಿಂತಿದೆ. ಎಲ್ಲರೂ ಅದನ್ನು ಎಣ್ಣೆಯ ಬೆಳೆಯೆಂದೇ ಬಲ್ಲರು, ಆದರೆ ಅದರ ಎಸಳಿನಲ್ಲಿ ಎರಡು ಬಣ್ಣಗಳಿವೆ ಎಂಬುದನ್ನು ನಮ್ಮವರು ಮರೆತಿದ್ದಾರೆ. ಅದರಲ್ಲಿ ಹಳದಿ ಧಾರಾಳವಾಗಿದೆ, ಅದು ತಣ್ಣೀರಿನಲ್ಲಿ ಕರಗಿ ಹೋಗುತ್ತದೆ. ಕೆಂಪು ಬಹಳ ಕಡಿಮೆ, ನೂರು ಗ್ರಾಂ ಒಣ ಎಸಳಿನಲ್ಲಿ ಅರ್ಧ ಗ್ರಾಂನ ಆಸುಪಾಸು, ಮತ್ತು ಅದು ನೀರಿಗೆ ಬಿಡುವುದಿಲ್ಲ. ಹಿಂದಿನ ಕಾಲದಲ್ಲಿ ಹತ್ತಿಯ ಮತ್ತು ರೇಷ್ಮೆಯ ಬಟ್ಟೆಗೆ ಕುಸುಂಬೆಯ ಕೆಂಪು ಹಾಕುತ್ತಿದ್ದದ್ದು ಇದರಿಂದಲೇ. ಕಾಳು ಕಟ್ಟಿ ಎಸಳು ಬಾಡುತ್ತಿರುವಾಗ ಕಿತ್ತುಕೊಂಡರೆ ಬೆಳೆಗೆ ನಷ್ಟವೂ ಇಲ್ಲ. ಎಸಳನ್ನು ಬಟ್ಟೆಯ ಚೀಲದಲ್ಲಿ ಕಟ್ಟಿ, ಹಳದಿ ಇಳಿಯುವುದು ನಿಲ್ಲುವವರೆಗೆ ತಣ್ಣೀರಿನಲ್ಲಿ ಹಿಸುಕಿ ಹಿಸುಕಿ ತೊಳೆಯಬೇಕು. ಈ ಹಳದಿ ನೀರನ್ನು ಚೆಲ್ಲಬೇಡಿ, ಮಕ್ಕಳು ಆಡಲು ಅದಕ್ಕಿಂತ ಮೃದುವಾದ ಓಕುಳಿ ಬೇರೆಯಿಲ್ಲ. ಆಮೇಲೆ ಚೀಲವನ್ನು ವಾಷಿಂಗ್ ಸೋಡಾ ಕರಗಿಸಿದ ತಣ್ಣೀರಿನಲ್ಲಿ ಅರ್ಧ ತಾಸು ನೆನೆಸಿ ಹಿಂಡಿದರೆ ಕಂದುಗೆಂಪು ರಸ ಬರುತ್ತದೆ. ಅದಕ್ಕೆ ನೊರೆ ಏಳುವುದು ನಿಲ್ಲುವವರೆಗೆ ನಿಂಬೆರಸ ಹಾಕಿ, ಬಿಳಿಯ ಹತ್ತಿಯ ಬಟ್ಟೆಯೊಂದನ್ನು ರಾತ್ರಿಯೆಲ್ಲ ಅದ್ದಿಟ್ಟರೆ ಬೆಳಗ್ಗೆ ಅದು ಗುಲಾಬಿಗೆಂಪಾಗಿರುತ್ತದೆ. ಎಲ್ಲಿಯೂ ಒಲೆಯ ಕೆಲಸವಿಲ್ಲ, ಬಿಸಿ ತಗುಲಿದರೆ ಕೆಂಪು ಕೆಡುತ್ತದೆ. ಇದು ಎರಚುವ ಬಣ್ಣಕ್ಕಿಂತ ಬಟ್ಟೆಯ ಬಣ್ಣಕ್ಕೆ ಸರಿಯಾದದ್ದು. ಆದರೂ ಕೇಳಿದಿರೆಂದು ಹೇಳಿದೆ.

ಮರುಪ್ರಶ್ನೆ: ವಿದ್ಯಾನಗರ, ಹುಬ್ಬಳ್ಳಿ

ಅಣ್ಣನವರಿಗೂ ಗುರುಗಳಿಗೂ ಹೃತ್ಪೂರ್ವಕ ಕೃತಜ್ಞತೆಗಳು. ಗುರುಗಳು ಹೇಳಿದಂತೆ ನಿಂಬೆಹಣ್ಣಿನ ಪ್ರಯೋಗವನ್ನು ನಿನ್ನೆಯೇ ಪಕ್ಕದ ಮನೆಯ ಜಗಲಿಯ ಮೇಲೆ ಮಾಡಿ ತೋರಿಸಿದೆ. ಈಗ ಅವರೇ ಈ ವರ್ಷ ಅರಿಶಿನ ಬೀಸಿಸುವ ಹೊಣೆ ಹೊತ್ತಿದ್ದಾರೆ. ನನಗೆ ಇನ್ನೊಂದು ಅಳುಕು ಉಳಿದಿದೆ. ಮಕ್ಕಳು ಪಿಚಕಾರಿಯಲ್ಲಿ ನೀರು ತುಂಬಿ ಮುಖಕ್ಕೇ ಗುರಿಯಿಡುತ್ತಾರೆ. ಸುಣ್ಣ ಹಾಕಿದ ಓಕುಳಿ ಕಣ್ಣಿಗೆ ಬಿದ್ದರೆ ತೊಂದರೆಯಿಲ್ಲವೇ? ಹಾಗೆಯೇ ಬ್ಯಾಡಗಿ ಮೆಣಸಿನಕಾಯಿಯಲ್ಲಿ ಖಾರ ಕಡಿಮೆ, ಬಣ್ಣ ಹೆಚ್ಚು. ಅದರಿಂದ ಕೆಂಪು ಪುಡಿ ಮಾಡಬಹುದೆಂದು ನಮ್ಮ ಓಣಿಯ ಒಬ್ಬರು ಸೂಚಿಸಿದ್ದಾರೆ. ಅದು ಸರಿಯೇ?

ಉತ್ತರ: ಹಾವೇರಿಯಿಂದ, ನೇತ್ರ ವಿಭಾಗದ ಶುಶ್ರೂಷಕಿ

ಅಕ್ಕ, ದಯವಿಟ್ಟು ಸುಣ್ಣವನ್ನು ಹಾಕಲೇಬೇಡಿ. ಹೋಳಿಯ ಮರುದಿನ ನಮ್ಮ ವಿಭಾಗಕ್ಕೆ ಬರುವ ಮಕ್ಕಳನ್ನು ನಾನು ಪ್ರತಿವರ್ಷ ನೋಡುತ್ತೇನೆ, ಆದ್ದರಿಂದ ಈ ಒಂದು ವಿಷಯದಲ್ಲಿ ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. ಕಣ್ಣಿಗೆ ಹುಳಿಗಿಂತಲೂ ಕ್ಷಾರ ಹೆಚ್ಚು ಅಪಾಯಕಾರಿ. ಹುಳಿ ಕಣ್ಣಿನ ಮೇಲ್ಪದರದಲ್ಲಿಯೇ ಬಹುಮಟ್ಟಿಗೆ ತಡೆದು ನಿಲ್ಲುತ್ತದೆ, ಕ್ಷಾರವಾದರೋ ಪದರವನ್ನು ಕರಗಿಸಿಕೊಂಡು ಒಳಗೆ ಇಳಿಯುತ್ತದೆ. ಸುಣ್ಣದ ಕಣವೊಂದು ರೆಪ್ಪೆಯ ಒಳಗೆ ಅಂಟಿಕೊಂಡರೆ ಅದನ್ನು ತೆಗೆಯುವವರೆಗೂ ಸುಡುತ್ತಲೇ ಇರುತ್ತದೆ. ಕಡಲೆಕಾಳಿನಷ್ಟೇ ಅಲ್ಲವೇ ಎನ್ನಬೇಡಿ. ಸುಣ್ಣ ಅಷ್ಟು ಅಲ್ಪ ಪ್ರಮಾಣದಲ್ಲಿಯೂ ನೀರನ್ನು ತೀವ್ರ ಕ್ಷಾರವಾಗಿಸುತ್ತದೆ.

ಅದರ ಬದಲು ಅಡುಗೆ ಸೋಡಾ ಬಳಸಿರಿ. ಅದರ ಕ್ಷಾರಗುಣ ಸೌಮ್ಯವಾದದ್ದು, ಒಂದು ಚಿಟಿಕೆ ಹೆಚ್ಚು ಬಿದ್ದರೂ ಮಿತಿ ಮೀರುವುದಿಲ್ಲ. ಮುತ್ತುಗದ ನೀರು ಪೂರ್ತಿ ತಣ್ಣಗಾದ ಮೇಲೆಯೇ ಹಾಕಬೇಕು. ಕುದಿಯುವ ನೀರಿಗೆ ಹಾಕಿದರೆ ಅದು ವಾಷಿಂಗ್ ಸೋಡಾ ಆಗಿ ಮಾರ್ಪಟ್ಟು ಕ್ಷಾರ ಮತ್ತೆ ಹೆಚ್ಚಾಗುತ್ತದೆ. ಸುಣ್ಣದಷ್ಟು ಗಾಢವಾದ ಕೇಸರಿ ಬರಲಿಕ್ಕಿಲ್ಲ, ಆದರೆ ಬಿಳಿ ಅಂಗಿಯ ಮೇಲೆ ನೋಡಿದರೆ ವ್ಯತ್ಯಾಸವನ್ನು ಹುಡುಕಬೇಕಾಗುತ್ತದೆ. ಅಡುಗೆ ಸೋಡಾ ಹಾಕಿದ ನೀರನ್ನೂ ಮುಖಕ್ಕೆ ಎರಚಬಾರದೆಂದು ಮಕ್ಕಳಿಗೆ ಹೇಳಿರಿ. ಹೇಗಾದರೂ ಕಣ್ಣಿಗೆ ಏನಾದರೂ ಬಿದ್ದರೆ ಉಜ್ಜಬಾರದು. ಶುದ್ಧವಾದ ನೀರನ್ನು ಧಾರೆಯಾಗಿ ಹದಿನೈದು ನಿಮಿಷ ಬಿಟ್ಟು ತೊಳೆದು, ನೋವು ಅಥವಾ ಮಂಜು ಉಳಿದರೆ ಅಂದೇ ವೈದ್ಯರಲ್ಲಿಗೆ ಕರೆದೊಯ್ಯಬೇಕು. ಹಾಲು ಹಿಂಡುವುದು, ಎಣ್ಣೆ ಬಿಡುವುದು ಮಾಡಬೇಡಿ.

ಬ್ಯಾಡಗಿಯ ವಿಷಯ ನಮ್ಮ ಜಿಲ್ಲೆಯದಾದ್ದರಿಂದ ಅಭಿಮಾನದಿಂದಲೇ ಉತ್ತರಿಸುತ್ತೇನೆ. 2011ರಲ್ಲಿ ಭೌಗೋಳಿಕ ಸೂಚಿಕೆ ಪಡೆದ ಈ ಮೆಣಸಿನಕಾಯಿಯಿಂದ ಕೆಂಪು ಸತ್ವವನ್ನು ತೆಗೆಯುವುದು ನಿಜ, ಆದರೆ ಅದನ್ನು ಖಾರ ಬೇರ್ಪಡಿಸುವ ಕಾರ್ಖಾನೆಗಳಲ್ಲಿ ಮಾಡುತ್ತಾರೆ. ಖಾರ ಕಡಿಮೆಯೆಂದರೆ ಇಲ್ಲವೆಂದಲ್ಲ. ಮನೆಯಲ್ಲಿ ಕುಟ್ಟಿದ ಪುಡಿಯಲ್ಲಿ ಒಂದು ಮಗುವಿನ ಕಣ್ಣಿಗೆ ಸಾಕಾಗುವಷ್ಟು ಖಾರ ಇದ್ದೇ ಇರುತ್ತದೆ. ಸಾರಿಗೆ ಬಣ್ಣ ಬರಲೆಂದು ಬಳಸೋಣ, ಮಕ್ಕಳ ಮೈಗೆ ಬೇಡ. ಗಿಡದಿಂದ ಬಂದದ್ದೆಲ್ಲ ನಿರಪಾಯವೆಂಬ ನಂಬಿಕೆಯೂ ಬೇಡ. ಹೂವು ಆಯಲು ಮಕ್ಕಳನ್ನು ಕರೆದೊಯ್ದಾಗ ಎಕ್ಕೆಯ ಗಿಡವನ್ನು ಮುಟ್ಟಲು ಬಿಡಬೇಡಿ, ಅದರ ಹಾಲು ತಗುಲಿದ ಕೈಯಿಂದ ಕಣ್ಣುಜ್ಜಿಕೊಂಡರೆ ಬಹಳ ನೋವಾಗುತ್ತದೆ. ಹಸಿರು ಬಣ್ಣಕ್ಕೆ ಮದರಂಗಿಯ ಪುಡಿ ಬಳಸುವವರಿದ್ದಾರೆ. ಒಣದಾಗಿ ಮೈಮೇಲೆ ಬಿದ್ದರೆ ಉದುರಿಹೋಗುತ್ತದೆ, ಅದರ ಮೇಲೆ ಓಕುಳಿ ಬಿದ್ದರೆ ಮಾತ್ರ ಮುಖ ಎಂಟು ದಿನ ಕಿತ್ತಳೆಯಾಗಿ ಉಳಿಯುತ್ತದೆ. ನೆರಳಿನಲ್ಲಿ ಒಣಗಿಸಿದ ನುಗ್ಗೆಸೊಪ್ಪಿನ ಪುಡಿಯನ್ನು ಹಿಟ್ಟಿಗೆ ಬೆರೆಸಿದರೆ ತುಸು ಮಾಸಲಾದರೂ ಒಳ್ಳೆಯ ಹಸಿರು ಸಿಗುತ್ತದೆ.

ಇನ್ನೊಂದು ಎಚ್ಚರಿಕೆಯನ್ನು ಯಾರೂ ಹೇಳಿಲ್ಲ. ಹಿಟ್ಟಿನಿಂದ ಮಾಡಿದ ಒಣ ಬಣ್ಣವನ್ನು ಕಾಮದಹನದ ಬೆಂಕಿಯ ಹತ್ತಿರ ತೂರಬಾರದು. ನಯವಾದ ಹಿಟ್ಟು ಗಾಳಿಯಲ್ಲಿ ಮೋಡದಂತೆ ಹರಡಿದಾಗ ಅದಕ್ಕೆ ಬೆಂಕಿ ತಗುಲಿದರೆ ಒಮ್ಮೆಲೇ ಭುಗಿಲೇಳುತ್ತದೆ. 2015ರ ಜೂನ್ 27ರಂದು ತೈವಾನಿನ ಒಂದು ಜಲಕ್ರೀಡೆಯ ಉದ್ಯಾನದಲ್ಲಿ ಗೋವಿನಜೋಳದ ಪಿಷ್ಟದ ಬಣ್ಣವನ್ನು ಯಂತ್ರದಿಂದ ತೂರುತ್ತಿದ್ದಾಗ ಹೀಗೆಯೇ ಆಗಿ 15 ಜನರು ಪ್ರಾಣ ಕಳೆದುಕೊಂಡರು, ನೂರಾರು ಜನರು ಸುಟ್ಟುಕೊಂಡರು. ನಾವು ಕೈಯಲ್ಲಿ ಎರಚುವ ಪ್ರಮಾಣ ಅದಕ್ಕೆ ಹೋಲಿಕೆಯಲ್ಲ, ಆದರೂ ಕಾಮಣ್ಣನ ಬೆಂಕಿಯ ಸುತ್ತ ಮಕ್ಕಳ ಕೈಯಲ್ಲಿ ಹಿಟ್ಟಿನ ಚೀಲ ಇರಬಾರದು.

ಉತ್ತರ: ಕಲಘಟಗಿ ತಾಲ್ಲೂಕಿನ ಕೃಷಿಕ

ಹಾವೇರಿಯ ತಂಗಿಯವರು ಹೇಳಿದ್ದನ್ನು ಒಪ್ಪುತ್ತೇನೆ. ನಮ್ಮ ಅಜ್ಜಿಯ ಕಾಲದಲ್ಲಿ ಓಕುಳಿಯನ್ನು ತಂಬಿಗೆಯಿಂದ ಬೆನ್ನಿಗೆ, ತೋಳಿಗೆ ಸುರಿಯುತ್ತಿದ್ದರು. ಮುಖಕ್ಕೆ ಚಿಮ್ಮುವ ಪಿಚಕಾರಿ ನಮ್ಮ ಊರಿಗೆ ಆಮೇಲೆ ಬಂತು. ನಿನ್ನೆ ರಾತ್ರಿ ಎರಡು ಲೋಟ ಮುತ್ತುಗದ ನೀರು ತೆಗೆದುಕೊಂಡು ಒಂದಕ್ಕೆ ಸುಣ್ಣ, ಇನ್ನೊಂದಕ್ಕೆ ಅಡುಗೆ ಸೋಡಾ ಹಾಕಿ ನೋಡಿದೆ. ಸುಣ್ಣದ್ದು ಇಟ್ಟಿಗೆಯ ಕೆಂಪಿಗೆ ಹತ್ತಿರವಾಯಿತು, ಸೋಡಾದ್ದು ಮಾಗಿದ ಆಪೂಸಿನ ತಿರುಳಿನಂತಾಯಿತು. ನನಗೆ ಎರಡನೆಯದೇ ಹೆಚ್ಚು ಹಿಡಿಸಿತು. ಸುಣ್ಣ ಹಾಕಲು ಹೇಳಿದ ನನ್ನ ಮಾತನ್ನು ಹಿಂದೆಗೆದುಕೊಂಡಿದ್ದೇನೆ.

ಉತ್ತರ: ಧಾರವಾಡದಿಂದ, ಬಟ್ಟೆಗೆ ಬಣ್ಣ ಹಾಕುವ ಹವ್ಯಾಸಿ

ಅಕ್ಕನವರೇ, ಓಕುಳಿ ಆಡಿದ ಮೇಲೆ ಉಳಿಯುವ ಮುತ್ತುಗದ ನೀರನ್ನು ಬಚ್ಚಲಿಗೆ ಚೆಲ್ಲಬೇಡಿ. ನಮ್ಮ ಗರಗದ ಅಥವಾ ನಿಮ್ಮ ಬೆಂಗೇರಿಯ ಖಾದಿ ಬಟ್ಟೆಯ ಒಂದು ತುಂಡು ತಂದರೆ ಮಕ್ಕಳಿಗೆಲ್ಲ ಒಂದೊಂದು ಕರವಸ್ತ್ರ ಬಣ್ಣ ಹಾಕಿ ಕೊಡಬಹುದು. ರಾಷ್ಟ್ರಧ್ವಜದ ಬಟ್ಟೆ ನೇಯುವ ನಮ್ಮ ಸೀಮೆಯ ಖಾದಿಗೆ ಬಣ್ಣ ಹಿಡಿಯುವ ಗುಣ ಬಹಳ ಚೆನ್ನಾಗಿದೆ.

ಹತ್ತಿಯ ಬಟ್ಟೆಗೆ ಬರಿಯ ಹೂವಿನ ನೀರು ಅದ್ದಿದರೆ ಎರಡು ಒಗೆತಕ್ಕೆ ಹೋಗಿಬಿಡುತ್ತದೆ. ಬಟ್ಟೆಯನ್ನು ಮೊದಲು ಸಾಬೂನು ಮತ್ತು ವಾಷಿಂಗ್ ಸೋಡಾ ಹಾಕಿದ ನೀರಿನಲ್ಲಿ ಕುದಿಸಿ ಗಂಜಿಯೆಲ್ಲ ಹೋಗುವಂತೆ ಜಾಲಿಸಬೇಕು. 100 ಗ್ರಾಂ ಬಟ್ಟೆಗೆ 20 ಗ್ರಾಂನಷ್ಟು ಒಣ ದಾಳಿಂಬೆ ಸಿಪ್ಪೆಯನ್ನೋ ಕುಟ್ಟಿದ ಅಳಲೆಕಾಯಿಯನ್ನೋ ಕುದಿಸಿದ ನೀರಿನಲ್ಲಿ ರಾತ್ರಿ ನೆನೆಹಾಕಿ, ಹಿಂಡಿ, ಮರುದಿನ 15 ಗ್ರಾಂ ಪಟಿಕವನ್ನು ಕರಗಿಸಿದ ಬಿಸಿನೀರಿನಲ್ಲಿ ಒಂದು ತಾಸು ಇಡಬೇಕು. ಪಟಿಕವೆಂದರೆ ಕ್ಷೌರವಾದ ಮೇಲೆ ಗಲ್ಲಕ್ಕೆ ಉಜ್ಜುವ ಆ ಬಿಳಿಯ ಕಲ್ಲು, ಗಂಧಿಗೆ ಅಂಗಡಿಯಲ್ಲಿ ಸಿಗುತ್ತದೆ. ಒಗರು ಎಳೆಯನ್ನು ಹಿಡಿಯುತ್ತದೆ, ಪಟಿಕ ಒಗರನ್ನೂ ಬಣ್ಣವನ್ನೂ ಹಿಡಿಯುತ್ತದೆ. ಇಷ್ಟಾದ ಮೇಲೆ ಮುತ್ತುಗದ ನೀರಿನಲ್ಲಿ ಸಣ್ಣ ಉರಿಯ ಮೇಲೆ ಒಂದು ತಾಸು ಬಿಟ್ಟರೆ ಬೆಚ್ಚನೆಯ ಹಳದಿ ನಿಲ್ಲುತ್ತದೆ. ಹೂವು ಮುಗಿದ ಮೇಲೂ ಕೆಲಸ ನಿಲ್ಲಿಸಬೇಕಿಲ್ಲ. ಉಳ್ಳಾಗಡ್ಡಿಯ ಒಣ ಸಿಪ್ಪೆ ನಮ್ಮ ಕಡೆ ಯಾರ ಅಡುಗೆಮನೆಯಲ್ಲಿಯೂ ತಪ್ಪಿದ್ದಲ್ಲ, ಅದರಿಂದ ಬರುವ ಹೊಂಬಣ್ಣ ಮುತ್ತುಗಕ್ಕಿಂತಲೂ ಗಾಢ.

ಪ್ರಶ್ನೆ ಕೇಳಿದವರಿಂದ: ವಿದ್ಯಾನಗರ, ಹುಬ್ಬಳ್ಳಿ

ಎಲ್ಲರಿಗೂ ವಂದನೆಗಳು. ನಿನ್ನೆ ರಂಗಪಂಚಮಿ ಮುಗಿಯಿತು, ಏನಾಯಿತೆಂದು ತಿಳಿಸುವುದು ನನ್ನ ಕರ್ತವ್ಯ.

ಮುತ್ತುಗದ ಎಸಳು ಬಿಡಿಸುವ ಕೆಲಸಕ್ಕೆ ಹಿಂದಿನ ಭಾನುವಾರ ಹದಿನಾಲ್ಕು ಮಕ್ಕಳೂ ಜಗಲಿಯ ಮೇಲೆ ಸೇರಿದ್ದರು. ಕಪ್ಪು ಬಟ್ಟಲನ್ನು ಹೆಬ್ಬೆರಳಿನ ಉಗುರಿನಿಂದ ಚಿವುಟಿದರೆ ಎಸಳು ತಾನಾಗಿ ಬಿಡಿಸಿಕೊಂಡು ಬರುತ್ತದೆಂದು ನನ್ನ ಮಗಳೇ ಕಂಡುಹಿಡಿದಳು. ಸ್ಟೀಲಿನ ಪಾತ್ರೆಯಲ್ಲಿ ಮಾಡಿ, ತಣಿದ ಮೇಲೆ ಸೋಡಾ ಹಾಕುವಾಗ ಎಲ್ಲರನ್ನೂ ಸುತ್ತ ಕೂರಿಸಿದ್ದೆ. ಮೊದಲು ಸೋಡಾ ಬಿದ್ದ ಜಾಗದಲ್ಲಿ ಮಾತ್ರ ಒಂದು ಕೇಸರಿ ಎಳೆ ಹುಟ್ಟಿ, ಅದು ಹೊಗೆಯಂತೆ ಸುರುಳಿಸುತ್ತಿ ತಳಕ್ಕೆ ಇಳಿದು, ಸೌಟು ತಿರುಗಿಸಿದೊಡನೆ ಪಾತ್ರೆಯೆಲ್ಲ ಅದೇ ಬಣ್ಣವಾಯಿತು. ಐದು ಬಕೆಟ್ ಓಕುಳಿ ಒಂದು ತಾಸಿನಲ್ಲಿ ಖಾಲಿ. ಯಾರ ಚರ್ಮಕ್ಕೂ ಕಣ್ಣಿಗೂ ತೊಂದರೆಯಾಗಲಿಲ್ಲ. ಪಿಚಕಾರಿಗೆ ಬರಿಯ ನೀರು, ಬಣ್ಣಕ್ಕೆ ತಂಬಿಗೆ ಎಂದು ನಿಯಮ ಮಾಡಿದ್ದೆ, ಮಕ್ಕಳು ಬಹುಮಟ್ಟಿಗೆ ಪಾಲಿಸಿದರು. ಬೀಟ್‌ರೂಟಿನ ಗುಲಾಬಿ ನೀರು ಮಧ್ಯಾಹ್ನದವರೆಗೆ ಚೆನ್ನಾಗಿತ್ತು. ನುಗ್ಗೆಸೊಪ್ಪಿನ ಹಸಿರು ಮಾತ್ರ ಮಕ್ಕಳಿಗೆ ಅಷ್ಟಾಗಿ ಹಿಡಿಸಲಿಲ್ಲ, ಮುಂದಿನ ವರ್ಷ ಪಾಲಕ ಸೊಪ್ಪನ್ನು ಒಣಗಿಸಿ ನೋಡುತ್ತೇನೆ.

ಒಣಗಿಸಿದ ಎಸಳು ಎರಡು ಚೀಲ ಉಳಿದಿದೆ. ಕರವಸ್ತ್ರಗಳಿಗೆ ದಾಳಿಂಬೆ ಸಿಪ್ಪೆಯ ನೀರು ಹಾಕಿಟ್ಟಿದ್ದೇನೆ. ಗುರುಗಳು ಹೇಳಿದ ಕುಸುಬಿಯ ಕೆಂಪನ್ನು ಈ ಸಲ ಮಾಡಲಾಗಲಿಲ್ಲ, ಹೂವು ಎಲ್ಲಿ ಸಿಗುತ್ತದೆಂದು ಗೊತ್ತಾಗಲಿಲ್ಲ. ಮುಂದಿನ ವರ್ಷಕ್ಕೆ ಯಾರಾದರೂ ದಾರಿ ತೋರಿಸುವಿರಾ?

ಉತ್ತರ: ಗದಗದಿಂದ, ನಿವೃತ್ತ ರಸಾಯನಶಾಸ್ತ್ರ ಶಿಕ್ಷಕ

ತಂಗೀ, ನಮ್ಮ ಹೊಲದಲ್ಲಿಯೇ ಕಡಲೆಯ ಸಾಲುಗಳ ನಡುವೆ ಅಕ್ಕಡಿಯಾಗಿ ಕುಸುಬಿ ಹಾಕುತ್ತೇವೆ. ಸಂಕ್ರಾಂತಿಯ ನಂತರ ಇಲ್ಲಿ ಬರೆದು ತಿಳಿಸಿ, ಎಸಳು ಬಾಡುವ ಸಮಯಕ್ಕೆ ಕರೆಯುತ್ತೇನೆ. ಗಿಡದ ತುಂಬ ಮುಳ್ಳಿರುವುದರಿಂದ ಬೆಳಗಿನ ಜಾವವೇ ಬರಬೇಕು. ಇಬ್ಬನಿಯಿರುವಾಗ ಮುಳ್ಳು ಮೆತ್ತಗಿರುತ್ತದೆ, ಬಿಸಿಲೇರಿದರೆ ಕೈ ಹಾಕಲಾಗುವುದಿಲ್ಲ. ಮಕ್ಕಳಿಗೆ ತುಂಬು ತೋಳಿನ ಅಂಗಿ ಹಾಕಿಸಿ ಕರೆತನ್ನಿ.